ಲಿನಕ್ಸ್‌ನ ಪ್ರೋಗ್ರಾಂ ಫ್ರೀಬಿಎಸ್‌ಡಿಗೆ ಒಯ್ಯುವಾಗ: ಯಾವುದು ಸಲೀಸು, ಯಾವುದು ಕಾಡುತ್ತದೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಕಂಪನಿ. ಮಳೆ, ಗಾಳಿ, ತಾಪಮಾನ ಅಳೆಯುವ ಸೆನ್ಸರ್‌ಗಳಿಂದ ಯುಎಸ್‌ಬಿ-ಸೀರಿಯಲ್ ಕೇಬಲ್ ಮೂಲಕ ಓದಿ ನೆಟ್‌ವರ್ಕ್‌ಗೆ ಕಳಿಸುವ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಒಂದನ್ನು ಸಿ ಭಾಷೆಯಲ್ಲಿ ಬರೆದಿದ್ದೇವೆ. ಕೋಡ್ ಎಂಐಟಿ ಲೈಸೆನ್ಸ್‌ನಲ್ಲಿ ಮುಕ್ತವಾಗಿದೆ. ಡೆಬಿಯನ್ ಲಿನಕ್ಸ್‌ನಲ್ಲಿ ತೊಂದರೆಯಿಲ್ಲದೆ ಓಡುತ್ತಿದೆ. ಈಗ ಗ್ರಾಹಕರೊಬ್ಬರು ಫ್ರೀಬಿಎಸ್‌ಡಿ 14 ಸರ್ವರ್‌ಗಳಲ್ಲಿ ಬೇಕು ಎನ್ನುತ್ತಿದ್ದಾರೆ. ‘ಯುನಿಕ್ಸ್ ಎಲ್ಲ ಒಂದೇ, ಮತ್ತೊಮ್ಮೆ ಕಂಪೈಲ್ ಮಾಡಿದರಾಯಿತು’ ಅಂತ ಒಬ್ಬ ಸಹೋದ್ಯೋಗಿ, ‘ಲಿನಕ್ಸ್ ಬೈನರಿಯನ್ನೇ ಓಡಿಸಬಹುದು’ ಅಂತ ಇನ್ನೊಬ್ಬರು, ‘ಪೂರ್ತಿ ಹೊಸದಾಗಿ ಬರೆಯಬೇಕು’ ಅಂತ ಮತ್ತೊಬ್ಬರು. ನಾನು ಮಾಡಿ ನೋಡಿದೆ. ಕೋಡ್ ಕಟ್ಟುವ ‘ಮೇಕ್’ ಆಜ್ಞೆ ಮೇಕ್‌ಫೈಲ್‌ನ ಮೂರನೇ ಸಾಲಿನಲ್ಲೇ ನಿಂತಿತು. ‘ಜಿಮೇಕ್’ ಹಾಕಿದರೆ ‘ಮ್ಯಾಲಕ್.ಎಚ್’ ಹೆಡರ್ ಬಗ್ಗೆ ದೋಷ. ಅದನ್ನೂ ದಾಟಿಸಿ ಓಡಿಸಿದರೆ ಸೀರಿಯಲ್ ಸಾಧನ ತೆರೆಯುವಲ್ಲಿ ಸುಮ್ಮನೆ ನಿಂತುಬಿಡುತ್ತದೆ, ದೋಷದ ಸಂದೇಶವೂ ಇಲ್ಲ. ಇದನ್ನು ಸರಿಮಾಡಿ ಪ್ಯಾಕೇಜ್ ಮಾಡಿ ಫ್ರೀಬಿಎಸ್‌ಡಿಯ ಅಧಿಕೃತ ಪೋರ್ಟ್ಸ್ (ಹೊರಗಿನ ಪ್ರೋಗ್ರಾಂಗಳನ್ನು ಕಟ್ಟುವ ಸೂಚನೆಗಳ) ಸಂಗ್ರಹಕ್ಕೆ ಸೇರಿಸಬಹುದೇ? ಮುಂದೆ ಅದನ್ನು ನೋಡಿಕೊಳ್ಳುವುದು ಯಾರ ಜವಾಬ್ದಾರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕೆಲಸಗಳು ಬೆರೆತುಕೊಂಡಿವೆ. ಪ್ರೋಗ್ರಾಂ ಫ್ರೀಬಿಎಸ್‌ಡಿಯಲ್ಲಿ ಸರಿಯಾಗಿ ಓಡುವಂತೆ ಮಾಡುವುದು ಒಂದು. ಅದನ್ನು ಬೇರೆಯವರು ಒಂದೇ ಆಜ್ಞೆಯಲ್ಲಿ ಹಾಕಿಕೊಳ್ಳುವಂತೆ ಪ್ಯಾಕೇಜ್ ಮಾಡುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿದರೆ ದೋಷ ಎಲ್ಲಿಯದು ಎಂದೇ ತಿಳಿಯುವುದಿಲ್ಲ. ಮೊದಲನೆಯದನ್ನು ನಿಮ್ಮ ಮೂಲ ಕೋಡ್‌ನಲ್ಲೇ ಮುಗಿಸಿ, ಹೊಸ ಆವೃತ್ತಿ ಬಿಡುಗಡೆ ಮಾಡಿ, ಆಮೇಲೆ ಎರಡನೆಯದಕ್ಕೆ ಕೈಹಾಕಿ. ಬೇರೆಯವರ ಕೋಡನ್ನು ಪೋರ್ಟ್ ಮಾಡುವವರು ಪ್ರತಿ ಬಿಡುಗಡೆಗೂ ಪ್ಯಾಚ್‌ಗಳನ್ನು ಹೊತ್ತು ತಿರುಗಬೇಕು. ಕೋಡ್ ನಿಮ್ಮದೇ ಆದ್ದರಿಂದ ಒಂದು ಪ್ಯಾಚ್ ಕೂಡ ಇಟ್ಟುಕೊಳ್ಳುವ ಅಗತ್ಯ ನಿಮಗೆ ಬರಬಾರದು.

ಸಹೋದ್ಯೋಗಿಗಳ ಮಾತಿಗೆ ಬರೋಣ. ಹೊಸದಾಗಿ ಬರೆಯಬೇಕು ಎಂಬುದು ನಿಜವಲ್ಲ. ನೀವು ಹೇಳಿದಂಥ ಡೀಮನ್‌ನಲ್ಲಿ ಲೆಕ್ಕಾಚಾರ, ಡೇಟಾ ಪಾರ್ಸ್ ಮಾಡುವ ಭಾಗ, ಸಾಕೆಟ್ ಕೆಲಸ ಬಹುಪಾಲು ಹಾಗೆಯೇ ಉಳಿಯುತ್ತದೆ. ಯುನಿಕ್ಸ್ ಎಲ್ಲ ಒಂದೇ ಎಂಬುದು ಪೋಸಿಕ್ಸ್ ಎಂಬ ಸಾಮಾನ್ಯ ಮಾನಕದ ಗೆರೆಯ ಒಳಗೆ ಮಾತ್ರ ನಿಜ. ಲಿನಕ್ಸ್‌ನಲ್ಲಿ ಹುಟ್ಟಿ ಬೆಳೆದ ಪ್ರೋಗ್ರಾಂ ಲಿನಕ್ಸ್ ಕರ್ನಲ್, ಜಿಲಿಬ್‌ಸಿ ಎಂಬ ಸಿ ಲೈಬ್ರರಿ, ಗ್ನು ಉಪಕರಣಗಳು, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಈ ನಾಲ್ಕನ್ನೂ ಇದ್ದೇ ಇರುತ್ತವೆಂದು ನಂಬಿಕೊಂಡಿರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಈ ನಾಲ್ಕೂ ಬೇರೆ. ಅಲ್ಲಿ ಕರ್ನಲ್, ಸಿ ಲೈಬ್ರರಿ, ಮೂಲ ಉಪಕರಣಗಳೆಲ್ಲ ಬರ್ಕ್ಲಿ ಯುನಿಕ್ಸ್‌ನ ವಂಶದವು, ಒಂದೇ ಮೂಲ ಸಂಗ್ರಹದಲ್ಲಿ ಒಟ್ಟಿಗೆ ಬೆಳೆಯುವಂಥವು.

ಲಿನಕ್ಸ್ ಬೈನರಿ ಓಡಿಸಬಹುದು ಎಂಬ ಮಾತೂ ಸುಳ್ಳಲ್ಲ. ಫ್ರೀಬಿಎಸ್‌ಡಿ ಕರ್ನಲ್‌ಗೆ ಲಿನಕ್ಸ್ ಸಿಸ್ಟಂ ಕಾಲ್‌ಗಳನ್ನು ಅರ್ಥಮಾಡಿಕೊಳ್ಳುವ ಒಂದು ಪದರವಿದೆ. ಅದು ವರ್ಚುವಲ್ ಮಷೀನ್ ಅಲ್ಲ, ವೇಗವೂ ಚೆನ್ನಾಗಿದೆ. ಆದರೆ ನಿಮ್ಮ ಬೈನರಿಗೆ ಬೇಕಾದ ಲಿನಕ್ಸ್ ಲೈಬ್ರರಿಗಳನ್ನು ‘/ಕಂಪ್ಯಾಟ್/ಲಿನಕ್ಸ್’ ಅಡಿಯಲ್ಲಿ ಬೇರೆಯಾಗಿ ಇಡಬೇಕು. ಗ್ರಾಹಕರು ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳ ಭದ್ರತಾ ಅಪ್‌ಡೇಟ್ ನೋಡಿಕೊಳ್ಳಬೇಕಾಗುತ್ತದೆ. ಮೇಲಾಗಿ ಸಾಧನದ ಹೆಸರು, ಅನುಮತಿಗಳ ಗೋಜು ಹಾಗೆಯೇ ಉಳಿಯುತ್ತದೆ. ಸೋರ್ಸ್ ಸಿಗದ ಪ್ರೋಗ್ರಾಂಗಳಿಗೆ ಅದು ಒಳ್ಳೆಯ ದಾರಿ. ಸೋರ್ಸ್ ಕೈಯಲ್ಲಿಟ್ಟುಕೊಂಡು ಆ ದಾರಿ ಹಿಡಿಯಬೇಡಿ.

ಬಿಲ್ಡ್ ನಿಲ್ಲುವುದೇಕೆ

ಮೂರನೇ ಸಾಲಿನಲ್ಲಿ ಬಹುಶಃ ‘ಇಫ್‌ಈಕ್ಯೂ’ ಇದೆ. ಅದು ಗ್ನು ಮೇಕ್‌ನ (ಫ್ರೀಬಿಎಸ್‌ಡಿಯಲ್ಲಿ ಅದರ ಹೆಸರು ‘ಜಿಮೇಕ್’) ಭಾಷೆ. ಫ್ರೀಬಿಎಸ್‌ಡಿಯ ‘ಮೇಕ್’ ಬೇರೆ ಪ್ರೋಗ್ರಾಂ, ಅದಕ್ಕೆ ಚುಕ್ಕೆಯಿಂದ ಶುರುವಾಗುವ ‘.ಇಫ್’ ಬೇಕು. ಜಿಮೇಕ್ ಬಳಸಿದ್ದು ಸರಿಯಾದ ಪರಿಹಾರವೇ. ಮೇಕ್‌ಫೈಲ್ ಎರಡಕ್ಕೂ ಒಗ್ಗುವಂತೆ ತಿದ್ದುತ್ತ ಕೂರಬೇಡಿ. ಪೋರ್ಟ್‌ನ ಮೇಕ್‌ಫೈಲ್ ಬರೆಯುವಾಗ ಅದರ ‘ಯೂಸಸ್’ ಸಾಲಿನಲ್ಲಿ ‘ಜಿಮೇಕ್’ ಸೇರಿಸಿದರೆ ಸಾಕು.

ಮೇಕ್‌ಫೈಲ್‌ನಲ್ಲಿ ‘ಜಿಸಿಸಿ’ ಎಂದು ನೇರವಾಗಿ ಬರೆದಿದ್ದರೆ ತೆಗೆಯಿರಿ. ಫ್ರೀಬಿಎಸ್‌ಡಿಯ ಮುಖ್ಯ ಪ್ಲಾಟ್‌ಫಾರ್ಮ್‌ಗಳಲ್ಲಿ 2014ರ 10.0 ಆವೃತ್ತಿಯಿಂದ ಕ್ಲ್ಯಾಂಗ್ ಮೂಲ ಕಂಪೈಲರ್, ಅದರ ಹೆಸರು ‘ಸಿಸಿ’. ಕಂಪೈಲರ್ ಫ್ಲ್ಯಾಗ್‌ಗಳನ್ನು ಹೊರಗಿನಿಂದ ಬಂದುದಕ್ಕೆ ಕೂಡಿಸುವಂತೆ ಬರೆಯಿರಿ, ಅಳಿಸಿ ಹೊಸದಾಗಿ ಇಡುವಂತೆ ಅಲ್ಲ. ಇಲ್ಲವಾದರೆ ಪ್ಯಾಕೇಜ್ ಕಟ್ಟುವ ವ್ಯವಸ್ಥೆ ಕೊಡುವ ಫ್ಲ್ಯಾಗ್‌ಗಳು ಕಳೆದುಹೋಗುತ್ತವೆ. ಹೊರಗಿನ ಲೈಬ್ರರಿಯ ಹೆಡರ್ ಸಿಗುತ್ತಿಲ್ಲ ಎಂದು ಕ್ಲ್ಯಾಂಗ್ ಹೇಳಿದರೆ ಬೆರಗಾಗಬೇಡಿ. ಪ್ಯಾಕೇಜ್‌ಗಳೆಲ್ಲ ‘/ಯುಎಸ್‌ಆರ್/ಲೋಕಲ್’ ಒಳಗೆ ಇಳಿಯುತ್ತವೆ, ಕ್ಲ್ಯಾಂಗ್ ಅಲ್ಲಿ ತಾನಾಗಿ ಹುಡುಕುವುದಿಲ್ಲ. ನಿಮ್ಮ ಬಿಲ್ಡ್ ‘ಪಿಕೆಜಿ-ಕಾನ್ಫಿಗ್’ ಆಜ್ಞೆಯನ್ನು ಕೇಳಿ ದಾರಿ ತಿಳಿದುಕೊಳ್ಳಲಿ, ಅಥವಾ ಪೋರ್ಟ್‌ನಲ್ಲಿ ‘ಯೂಸಸ್’ ಸಾಲಿಗೆ ‘ಲೋಕಲ್‌ಬೇಸ್’ ಸೇರಿಸಿ.

ಇನ್‌ಸ್ಟಾಲ್ ಹಂತದಲ್ಲಿ ಒಂದು ಬಲೆ ಇದೆ. ಡೈರೆಕ್ಟರಿ ಇಲ್ಲದಿದ್ದರೆ ಸೃಷ್ಟಿಸಿಕೊ ಎಂಬರ್ಥದಲ್ಲಿ ಲಿನಕ್ಸ್‌ನವರು ‘ಇನ್‌ಸ್ಟಾಲ್’ ಆಜ್ಞೆಗೆ ದೊಡ್ಡಕ್ಷರದ ಡಿ ಹಾಕಿ, ಅದಕ್ಕೇ ಅಂಟಿಸಿ ಎಂ644 ಎನ್ನುತ್ತಾರೆ. ಫ್ರೀಬಿಎಸ್‌ಡಿಯ ‘ಇನ್‌ಸ್ಟಾಲ್’ನಲ್ಲಿ ಅದೇ ಡಿ ಇನ್ನೊಂದು ಕೆಲಸದ್ದು, ಅದಕ್ಕೊಂದು ಡೈರೆಕ್ಟರಿಯ ಹೆಸರು ಬೇಕು. ಹಾಗಾಗಿ ‘ಎಂ644’ ಎಂಬುದನ್ನೇ ಡೈರೆಕ್ಟರಿ ಎಂದು ಓದಿಕೊಳ್ಳುತ್ತದೆ. ‘ಎಂಕೆಡಿರ್’ಗೆ ಪಿ ಕೊಟ್ಟು ಡೈರೆಕ್ಟರಿ ಮಾಡಿ, ಆಮೇಲೆ ಸಾದಾ ‘ಇನ್‌ಸ್ಟಾಲ್’ ಮಾಡಿ. ಎರಡೂ ಕಡೆ ಕೆಲಸ ಮಾಡುತ್ತದೆ. ‘ಸೆಡ್’ನ ಐ ಆಯ್ಕೆಯೂ ಹೀಗೆಯೇ: ಫ್ರೀಬಿಎಸ್‌ಡಿಯಲ್ಲಿ ಅದರ ಮುಂದೆ ಬ್ಯಾಕಪ್ ಪ್ರತ್ಯಯ ಬೇಕು, ಬೇಡವೆಂದರೆ ಖಾಲಿ ಉದ್ಧರಣ ಚಿಹ್ನೆಯಾದರೂ ಬೇಕು. ಸ್ಕ್ರಿಪ್ಟ್‌ಗಳಲ್ಲಿ ‘/ಬಿನ್/ಬ್ಯಾಶ್’ ಎಂದಿದ್ದರೆ ಅದು ಇರುವುದು ‘/ಯುಎಸ್‌ಆರ್/ಲೋಕಲ್/ಬಿನ್’ನಲ್ಲಿ, ಅದೂ ಬ್ಯಾಶ್ ಹಾಕಿಕೊಂಡಿದ್ದರೆ. ‘ಯುನೇಮ್’ ಆಜ್ಞೆ 64 ಬಿಟ್ ಇಂಟೆಲ್ ಯಂತ್ರವನ್ನು ‘ಎಕ್ಸ್86_64’ ಎನ್ನದೆ ‘ಎಎಂಡಿ64’ ಎನ್ನುತ್ತದೆ. ಇವೆಲ್ಲ ಒಂದೆರಡು ದಿನದ ಕೆಲಸ.

ಹೆಡರ್‌ಗಳು

‘ಮ್ಯಾಲಕ್.ಎಚ್’ ಎಂಬ ಫೈಲ್ ಫ್ರೀಬಿಎಸ್‌ಡಿಯಲ್ಲಿ ಇದೆ. ಆದರೆ ಅದು ದೋಷ ಕೊಡುವುದಕ್ಕೆಂದೇ ಇಟ್ಟದ್ದು, ‘ಎಸ್‌ಟಿಡಿಲಿಬ್.ಎಚ್’ ಬಳಸಿ ಎಂದು ಹೇಳುತ್ತದೆ. ಆ ಸಾಲು ತೆಗೆದುಹಾಕಿದರೆ ಲಿನಕ್ಸ್‌ನಲ್ಲೂ ಏನೂ ಕೆಡುವುದಿಲ್ಲ. ಲಿನಕ್ಸ್‌ನಲ್ಲಿ ಒಂದು ಹೆಡರ್ ಇನ್ನೊಂದನ್ನು ಒಳಗೊಳಗೇ ಎಳೆದುಕೊಂಡು ಬರುತ್ತದೆ, ಫ್ರೀಬಿಎಸ್‌ಡಿಯಲ್ಲಿ ಹಾಗೆ ಬರದೆ ಇರಬಹುದು. ಸಾಕೆಟ್ ಕೋಡ್‌ನಲ್ಲಿ ‘ನೆಟ್‌ಐನೆಟ್/ಇನ್.ಎಚ್’, ‘ಸಿಸ್/ಸಾಕೆಟ್.ಎಚ್’ಗಳನ್ನು ನೀವೇ ಹೆಸರಿಸಿ ಸೇರಿಸಿ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಫ್ರೀಬಿಎಸ್‌ಡಿ 14ರ ಜೊತೆಗೆ ಬರುವ ಕ್ಲ್ಯಾಂಗ್, ಘೋಷಣೆ ಇಲ್ಲದ ಫಂಕ್ಷನ್ ಕರೆದರೆ ಎಚ್ಚರಿಕೆ ಕೊಟ್ಟು ಬಿಡುವುದಿಲ್ಲ, ದೋಷವೆಂದೇ ನಿಲ್ಲಿಸುತ್ತದೆ. ‘ದಾಟಿಸಿ ಓಡಿಸಿದೆ’ ಎಂದು ಬರೆದಿದ್ದೀರಿ. ಒಂದು ಫ್ಲ್ಯಾಗ್ ಹಾಕಿ ಆ ದೋಷವನ್ನು ಸುಮ್ಮನಾಗಿಸಿದ್ದರೆ ದಯವಿಟ್ಟು ಹಿಂದಕ್ಕೆ ತೆಗೆಯಿರಿ. ಘೋಷಣೆ ಇಲ್ಲದ ಫಂಕ್ಷನ್ ‘ಇಂಟ್’ ಹಿಂದಿರುಗಿಸುತ್ತದೆ ಎಂದು ಕಂಪೈಲರ್ ಭಾವಿಸುತ್ತದೆ. ಅದು ನಿಜವಾಗಿ ಪಾಯಿಂಟರ್ ಕೊಡುವಂಥದ್ದಾದರೆ 64 ಬಿಟ್‌ನಲ್ಲಿ ಮೇಲಿನ 32 ಬಿಟ್ ಉದುರಿಹೋಗುತ್ತದೆ. ಪ್ರೋಗ್ರಾಂ ಟೆಸ್ಟ್‌ನಲ್ಲಿ ಪಾಸಾಗಿ ಗ್ರಾಹಕರ ಯಂತ್ರದಲ್ಲಿ ಬೀಳಬಹುದು.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ತೊಡಕು. ಫೈಲಿನ ತಲೆಯಲ್ಲಿ ‘ಎಕ್ಸ್‌ಓಪನ್ ಸೋರ್ಸ್’ ಅಥವಾ ‘ಪೋಸಿಕ್ಸ್ ಸಿ ಸೋರ್ಸ್’ ಮ್ಯಾಕ್ರೊ ಇದ್ದರೆ, ‘ಈ ಮಾನಕದಲ್ಲಿ ಇರುವುದನ್ನಷ್ಟೇ ತೋರಿಸು’ ಎಂದು ಫ್ರೀಬಿಎಸ್‌ಡಿ ಅರ್ಥಮಾಡಿಕೊಂಡು ಉಳಿದದ್ದನ್ನೆಲ್ಲ ಮರೆಮಾಡುತ್ತದೆ. ಲಿನಕ್ಸ್‌ನಲ್ಲಿ ಪಕ್ಕದಲ್ಲಿ ‘ಗ್ನು ಸೋರ್ಸ್’ ಮ್ಯಾಕ್ರೊ ಇದ್ದು ಎಲ್ಲವನ್ನೂ ತೆರೆದಿಟ್ಟಿರುತ್ತದೆ. ಹಾಗಾಗಿ ಯಾರಿಗೂ ಗೊತ್ತಾಗಿರುವುದಿಲ್ಲ. ಸೀರಿಯಲ್ ಕೋಡ್‌ನವರಿಗೆ ಇದು ನೇರವಾಗಿ ತಟ್ಟುತ್ತದೆ, ಏಕೆಂದರೆ ‘ಸಿಎಫ್‌ಮೇಕ್‌ರಾ’ ಫಂಕ್ಷನ್ ಕೂಡ, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್‌ನ ‘ಸಿಆರ್‌ಟಿಎಸ್‌ಸಿಟಿಎಸ್’ ಕೂಡ ಪೋಸಿಕ್ಸ್‌ನಲ್ಲಿ ಇಲ್ಲದವು. ಫ್ರೀಬಿಎಸ್‌ಡಿಯಲ್ಲಿ ಆ ಮ್ಯಾಕ್ರೊ ಬರದಂತೆ ಷರತ್ತು ಹಾಕಿ.

ಸುಮ್ಮನೆ ನಿಲ್ಲುವುದು

ನಿಮ್ಮ ನಿಜವಾದ ಕಷ್ಟ ಇದು. ಕಾರಣ ಹೀಗಿರಬೇಕು. ಲಿನಕ್ಸ್‌ನ ‘ಟಿಟಿವೈಯುಎಸ್‌ಬಿ0’ ಬದಲಿಗೆ ಫ್ರೀಬಿಎಸ್‌ಡಿಯಲ್ಲಿ ‘/ಡೆವ್’ ಒಳಗೆ ಎರಡು ಹೆಸರು ಸಿಗುತ್ತವೆ: ‘ಟಿಟಿವೈಯು0’ ಮತ್ತು ‘ಸಿಯುಎಯು0’. ಸಾಧನ ಒಂದೇ, ತೆರೆಯುವ ರೀತಿ ಬೇರೆ. ಮೊದಲನೆಯದು ಹೊರಗಿನಿಂದ ಕರೆ ಬರಲೆಂದು ಕಾಯುವವರಿಗೆ. ಮೋಡೆಮ್‌ನಿಂದ ಕ್ಯಾರಿಯರ್ ಸಂಕೇತ ಬರುವವರೆಗೂ ‘ಓಪನ್’ ಕರೆ ಹಿಂದಿರುಗುವುದಿಲ್ಲ. ಸೆನ್ಸರ್ ಕೇಬಲ್‌ನಲ್ಲಿ ಸಾಮಾನ್ಯವಾಗಿ ಕಳಿಸುವ ತಂತಿ, ಪಡೆಯುವ ತಂತಿ, ಗ್ರೌಂಡ್ ಈ ಮೂರೇ ಇರುತ್ತವೆ. ಕ್ಯಾರಿಯರ್ ಎಂದೂ ಬರುವುದಿಲ್ಲ, ಪ್ರೋಗ್ರಾಂ ಎಂದೂ ಏಳುವುದಿಲ್ಲ. ಹೆಸರು ನೋಡಿ ಟಿಟಿವೈ ಎಂದಿರುವುದನ್ನೇ ಆರಿಸಿಕೊಳ್ಳುವುದು ಲಿನಕ್ಸ್‌ನಿಂದ ಬಂದವರಿಗೆ ಸಹಜ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ನಿಂತಿರುವಾಗ ಅದೇ ಟರ್ಮಿನಲ್‌ನಲ್ಲಿ ಕಂಟ್ರೋಲ್ ಮತ್ತು ಟಿ ಒತ್ತಿ. ಪ್ರೋಗ್ರಾಂ ಕರ್ನಲ್‌ನಲ್ಲಿ ಯಾವುದಕ್ಕೆ ಕಾಯುತ್ತಿದೆ ಎಂಬುದನ್ನು ಫ್ರೀಬಿಎಸ್‌ಡಿ ಒಂದು ಸಾಲಿನಲ್ಲಿ ತೋರಿಸುತ್ತದೆ. ಚೌಕ ಆವರಣದಲ್ಲಿ ‘ಟಿಟಿವೈಡಿಸಿಡಿ’ ಎಂದಿದ್ದರೆ ಅದು ಕ್ಯಾರಿಯರ್‌ಗೇ ಕಾಯುತ್ತಿದೆ. ಪರಿಹಾರ: ‘ಸಿಯುಎಯು0’ ತೆರೆಯಿರಿ. ಬಳಕೆದಾರರು ಯಾವ ಹೆಸರು ಕೊಟ್ಟರೂ ನಡೆಯಬೇಕು ಎಂದರೆ ನಾನ್‌ಬ್ಲಾಕ್ ಫ್ಲ್ಯಾಗ್ ಹಾಕಿ ತೆರೆದು, ಕ್ಯಾರಿಯರ್ ಲೆಕ್ಕಿಸಬೇಡ ಎನ್ನುವ ‘ಸಿಲೋಕಲ್’ ಇಟ್ಟು, ಆಮೇಲೆ ನಾನ್‌ಬ್ಲಾಕ್ ತೆಗೆಯಿರಿ. ಇದು ಲಿನಕ್ಸ್‌ನಲ್ಲೂ ಸರಿಯಾದ ಕ್ರಮ. ಹೊರಗಿನಿಂದ ‘ಎಸ್‌ಟಿಟಿವೈ’ ಆಜ್ಞೆ ಕೊಟ್ಟು ‘ಸಿಲೋಕಲ್’ ಇಟ್ಟರೆ ಪ್ರಯೋಜನವಿಲ್ಲ, ಸಾಧನ ಮುಚ್ಚಿ ತೆರೆದೊಡನೆ ಮೊದಲಿನ ಸ್ಥಿತಿಗೆ ಹೋಗುತ್ತದೆ.

ವೇಗದ ವಿಷಯವನ್ನೂ ಈಗಲೇ ನೋಡಿಬಿಡಿ. ಲಿನಕ್ಸ್‌ನಲ್ಲಿ, 2025ರ ಜಿಲಿಬ್‌ಸಿ 2.42ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ‘ಬಿ115200’ ಎಂಬ ಸ್ಥಿರಾಂಕದ ಬೆಲೆ 115200 ಅಲ್ಲ, ಅದೊಂದು ಸಂಕೇತ. ಫ್ರೀಬಿಎಸ್‌ಡಿಯಲ್ಲಿ ಸ್ಥಿರಾಂಕವೂ ವೇಗವೂ ಒಂದೇ ಸಂಖ್ಯೆ. ವಿಚಿತ್ರ ವೇಗಗಳಿಗಾಗಿ ಲಿನಕ್ಸ್‌ನ ‘ಟರ್ಮಿಯೋಸ್2’ ಬಳಸಿದ್ದರೆ ಅದು ಇಲ್ಲಿಲ್ಲ, ಬೇಕೂ ಇಲ್ಲ. 250000 ಬೇಕಿದ್ದರೆ ಆ ಸಂಖ್ಯೆಯನ್ನೇ ‘ಸಿಎಫ್‌ಸೆಟ್‌ಸ್ಪೀಡ್’ಗೆ ಕೊಡಿ. ಅನುಮತಿಗಾಗಿ ಡೆಬಿಯನ್‌ನಲ್ಲಿ ‘ಡಯಲ್‌ಔಟ್’ ಗುಂಪು ಇದ್ದಂತೆ ಇಲ್ಲಿ ‘ಡಯಲರ್’ ಗುಂಪು. ಡೀಮನ್‌ನ ಬಳಕೆದಾರನನ್ನು ಅದಕ್ಕೆ ಸೇರಿಸಿ, ರೂಟ್ ಆಗಿ ಓಡಿಸಬೇಡಿ. ಹಲವು ಕೇಬಲ್‌ಗಳಿದ್ದು ಯಾವುದು ಯಾವ ಸಂಖ್ಯೆ ಪಡೆದಿದೆ ತಿಳಿಯಬೇಕಾದರೆ ಕರ್ನಲ್‌ನ ಮಾಹಿತಿ ತೋರಿಸುವ ‘ಸಿಸ್‌ಸಿಟಿಎಲ್’ ಆಜ್ಞೆಯಲ್ಲಿ ನೋಡಿ. ಎಫ್‌ಟಿಡಿಐ ಚಿಪ್ ಆದರೆ ‘ಡೆವ್.ಯುಎಫ್‌ಟಿಡಿಐ.0.ಟಿಟಿವೈನೇಮ್’ ಅದರ ಹೆಸರಿನ ಕೊನೆಯ ಭಾಗ ಹೇಳುತ್ತದೆ. ಸಿಎಚ್340 ಚಿಪ್‌ನ ಡ್ರೈವರ್ ಹೆಸರು ‘ಯುಸಿಎಚ್‌ಕಾಮ್’, ಸಿಪಿ210ಎಕ್ಸ್‌ನದು ‘ಯುಎಸ್‌ಎಲ್‌ಕಾಮ್’.

ಈವೆಂಟ್ ಲೂಪ್

ನೀವು ಹೇಳಿಲ್ಲ, ಆದರೆ ಲಿನಕ್ಸ್ ಡೀಮನ್ ಎಂದ ಮೇಲೆ ಹಲವು ಸಂಪರ್ಕಗಳ ಮೇಲೆ ಒಟ್ಟಿಗೆ ಕಣ್ಣಿಡುವ ‘ಇಪೋಲ್’ ಇರಬಹುದು. ಫ್ರೀಬಿಎಸ್‌ಡಿಯಲ್ಲಿ ಆ ಜಾಗದಲ್ಲಿ ‘ಕೆಕ್ಯೂ’ ಇದೆ. ಮೂರು ದಾರಿಗಳಿವೆ. ಇಪೋಲ್ ಕರೆಗಳನ್ನು ಕೆಕ್ಯೂಗೆ ತಿರುಗಿಸುವ ‘ಇಪೋಲ್-ಶಿಮ್’ ಲೈಬ್ರರಿ ಪೋರ್ಟ್ಸ್‌ನಲ್ಲೇ ಸಿಗುತ್ತದೆ. ಅರ್ಧ ದಿನದಲ್ಲಿ ಪ್ರೋಗ್ರಾಂ ಎದ್ದು ನಿಲ್ಲುತ್ತದೆ. ಆದರೆ ಅದು ‘ಕ್ಲೋಸ್’, ‘ರೀಡ್’ನಂಥ ಕರೆಗಳನ್ನೂ ಮ್ಯಾಕ್ರೊಗಳಿಂದ ಹಿಡಿದುಕೊಳ್ಳುವುದರಿಂದ, ಅಂಥ ಡಿಸ್ಕ್ರಿಪ್ಟರನ್ನು ಬೇರೆ ಲೈಬ್ರರಿಗೆ ಕೊಟ್ಟಲ್ಲಿ ಎಡವುತ್ತದೆ. ಮೊದಲ ದಿನ ಪರೀಕ್ಷಿಸಲು ಬಳಸಿ, ಅದರ ಮೇಲೇ ನೆಲೆ ನಿಲ್ಲಬೇಡಿ. ‘ಲಿಬ್‌ಈವೆಂಟ್’ ಅಥವಾ ‘ಲಿಬ್‌ಯುವಿ’ಗೆ ಬದಲಾಯಿಸುವುದು ಎರಡನೆಯದು, ಅದಕ್ಕೆ ಕೋಡ್‌ನ ಆಕಾರವೇ ಬದಲಾಗುತ್ತದೆ. ನಿಮ್ಮಂಥ ಪ್ರೋಗ್ರಾಂಗೆ ನನ್ನ ಸಲಹೆ ಇನ್ನೂ ಸರಳ: ನಾಲ್ಕಾರು ಸೀರಿಯಲ್ ಸಾಧನ, ಹತ್ತಾರು ಸಂಪರ್ಕಗಳಷ್ಟೇ ಇದ್ದರೆ ಎರಡೂ ಕಡೆ ಇರುವ ಸಾದಾ ‘ಪೋಲ್’ ಸಾಕು.

ಸಾವಿರಾರು ಸಂಪರ್ಕಗಳಿವೆ ಎಂದಾದರೆ ಕೆಕ್ಯೂ ಬರೆಯಿರಿ. ಆಗ ಎರಡು ವಿಷಯ ನೆನಪಿರಲಿ. ಓದುವುದಕ್ಕೂ ಬರೆಯುವುದಕ್ಕೂ ಅಲ್ಲಿ ಬೇರೆ ಬೇರೆ ಫಿಲ್ಟರ್, ಒಂದೇ ಸಾಕೆಟ್‌ಗೆ ಎರಡು ಘಟನೆ ಬರಬಹುದು. ಮೊದಲ ಘಟನೆಯಲ್ಲೇ ಸಂಪರ್ಕದ ಮೆಮೊರಿ ಬಿಡುಗಡೆ ಮಾಡಿದರೆ ಎರಡನೆಯದು ಸತ್ತ ಪಾಯಿಂಟರ್ ಮುಟ್ಟುತ್ತದೆ. ಆ ಕಡೆಯವರು ಮುಚ್ಚಿದರು ಎಂಬ ‘ಇಒಎಫ್’ ಗುರುತು ಬಂದಾಗಲೂ ಓದಬೇಕಾದ ಡೇಟಾ ಬಫರ್‌ನಲ್ಲಿ ಉಳಿದಿರಬಹುದು. ಪೂರ್ತಿ ಓದಿ ಆಮೇಲೆ ಮುಚ್ಚಿ.

ಕಾನ್ಫಿಗ್ ಫೈಲ್ ಬದಲಾದದ್ದನ್ನು ತಿಳಿಯಲು ‘ಐನೋಟಿಫೈ’ ಬಳಸಿದ್ದರೆ ಅದು ಕರ್ನಲ್‌ನಲ್ಲೇ ಸಿಗುವುದು ಫ್ರೀಬಿಎಸ್‌ಡಿ 15ರಿಂದ. 14ಕ್ಕಾಗಿ ಹೆಚ್ಚುವರಿ ಲೈಬ್ರರಿ ಸೇರಿಸುವ ಬದಲು ‘ಸಿಗ್‌ಹಪ್’ ಸಂಕೇತ ಬಂದಾಗ ಕಾನ್ಫಿಗ್ ಮತ್ತೆ ಓದುವಂತೆ ಮಾಡಿ. ‘/ಪ್ರೋಕ್’ ಮೂಲಮಟ್ಟದಲ್ಲಿ ಮೌಂಟ್ ಆಗಿರುವುದಿಲ್ಲ, ಅಲ್ಲಿಂದ ಓದುವ ಕೋಡ್ ಇದ್ದರೆ ಸಿಸ್‌ಸಿಟಿಎಲ್‌ಗೆ ಬದಲಾಯಿಸಿ.

ಸೇವೆಯಾಗಿ ಓಡಿಸುವುದು

ಸಿಸ್ಟಮ್‌ಡಿ ಯೂನಿಟ್ ಫೈಲ್ ಬದಲಿಗೆ ‘/ಯುಎಸ್‌ಆರ್/ಲೋಕಲ್/ಇಟಿಸಿ/ಆರ್‌ಸಿ.ಡಿ’ಯಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಬೇಕು. ಕಾನ್ಫಿಗ್ ‘/ಯುಎಸ್‌ಆರ್/ಲೋಕಲ್/ಇಟಿಸಿ’ಯಲ್ಲಿ. ‘/ವಾರ್/ಲಿಬ್’ನಲ್ಲಿ ಇಡುತ್ತಿದ್ದ ಡೇಟಾ ‘/ವಾರ್/ಡಿಬಿ’ಯಲ್ಲಿ. ಈ ದಾರಿಗಳನ್ನು ಕೋಡ್‌ನಲ್ಲಿ ಗಟ್ಟಿಯಾಗಿ ಬರೆಯದೆ ಬಿಲ್ಡ್ ಸಮಯದಲ್ಲಿ ಕೊಡುವಂತೆ ಮಾಡಿ.

ನಿಮ್ಮ ಪ್ರೋಗ್ರಾಂ ತಾನಾಗಿ ಹಿನ್ನೆಲೆಗೆ ಹೋಗದಿದ್ದರೆ ‘ಡೀಮನ್’ ಎಂಬ ಮೂಲ ಉಪಕರಣ ಆ ಕೆಲಸ ಮಾಡುತ್ತದೆ. ಚಿಕ್ಕಕ್ಷರದ ಆರ್ ಆಯ್ಕೆ ಕೊಟ್ಟರೆ ಬಿದ್ದ ಪ್ರೋಗ್ರಾಂ ಮತ್ತೆ ಎಬ್ಬಿಸುತ್ತದೆ. ಆದರೆ ಪಿಐಡಿ (ಓಡುತ್ತಿರುವ ಪ್ರೋಗ್ರಾಂನ ಸಂಖ್ಯೆ) ಫೈಲ್‌ಗೆ ಚಿಕ್ಕಕ್ಷರದ ಪಿ ಕೊಟ್ಟರೆ ಅದರಲ್ಲಿ ದಾಖಲಾಗುವುದು ನಿಮ್ಮ ಪ್ರೋಗ್ರಾಂನ ಸಂಖ್ಯೆ. ‘ಸರ್ವಿಸ್ ಸ್ಟಾಪ್’ ಅದನ್ನು ಕೊಲ್ಲುತ್ತದೆ, ಮೇಲ್ವಿಚಾರಕನಾದ ‘ಡೀಮನ್’ ಉಪಕರಣ ಮತ್ತೆ ಎಬ್ಬಿಸುತ್ತದೆ, ಸೇವೆ ನಿಲ್ಲುವುದೇ ಇಲ್ಲ. ದೊಡ್ಡಕ್ಷರದ ಪಿ ಕೊಡಿ, ಆಗ ಮೇಲ್ವಿಚಾರಕನ ಸಂಖ್ಯೆ ದಾಖಲಾಗಿ ಎರಡೂ ನಿಲ್ಲುತ್ತವೆ.

ಪೋರ್ಟ್ ಕಟ್ಟುವುದು

ಇಷ್ಟು ಮುಗಿಸಿ ಬಿಡುಗಡೆಗೆ ಟ್ಯಾಗ್ ಹಾಕಿದ ಮೇಲೆ ಪೋರ್ಟ್ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ‘/ಯುಎಸ್‌ಆರ್/ಪೋರ್ಟ್ಸ್’ ಒಳಗೆ ಸೂಕ್ತ ವರ್ಗದಲ್ಲಿ ಒಂದು ಡೈರೆಕ್ಟರಿ. ಅದರಲ್ಲಿ ಮೇಕ್‌ಫೈಲ್, ‘ಡಿಸ್ಟ್‌ಇನ್ಫೋ’, ವಿವರಣೆಯ ‘ಪಿಕೆಜಿ-ಡೆಸ್ಕ್ರ್’, ಫೈಲುಗಳ ಪಟ್ಟಿಯ ‘ಪಿಕೆಜಿ-ಪ್ಲಿಸ್ಟ್’, ಆರ್‌ಸಿ ಸ್ಕ್ರಿಪ್ಟ್ ಇರುವ ‘ಫೈಲ್ಸ್’. ಮೇಕ್‌ಫೈಲ್‌ನಲ್ಲಿ ಹೆಸರು, ಆವೃತ್ತಿ, ವರ್ಗ, ಮೇಂಟೇನರ್ ಇಮೇಲ್, ಒಂದು ಸಾಲಿನ ಪರಿಚಯ, ವೆಬ್ ವಿಳಾಸ, ಲೈಸೆನ್ಸ್, ಅವಲಂಬನೆಗಳು ಅದೇ ಕ್ರಮದಲ್ಲಿ ಬರಬೇಕು. ‘ಮೇಕ್ ಮೇಕ್‌ಸಮ್’ ಕೊಟ್ಟರೆ ಸೋರ್ಸ್ ಇಳಿಸಿಕೊಂಡು ಅದರ ಎಸ್‌ಎಚ್‌ಎ256 ಮೊತ್ತ ಮತ್ತು ಗಾತ್ರವನ್ನು ಡಿಸ್ಟ್‌ಇನ್ಫೋದಲ್ಲಿ ಬರೆಯುತ್ತದೆ. ಆದ್ದರಿಂದಲೇ ಒಮ್ಮೆ ಹಾಕಿದ ಟ್ಯಾಗನ್ನು ಎಂದೂ ಬೇರೆ ಕಮಿಟ್‌ಗೆ ಸರಿಸಬೇಡಿ. ಮೊತ್ತ ತಾಳೆಯಾಗದೆ ಎಲ್ಲರ ಬಿಲ್ಡ್ ನಿಲ್ಲುತ್ತದೆ, ಕೋಡನ್ನು ಯಾರೋ ತಿರುಚಿದ್ದಾರೆ ಎಂಬ ಅನುಮಾನವೂ ಏಳುತ್ತದೆ. ತಪ್ಪಿದ್ದರೆ ಹೊಸ ಸಂಖ್ಯೆಯ ಬಿಡುಗಡೆ ಮಾಡಿ.

‘ಮೇಕ್ ಸ್ಟೇಜ್’ ನಿಮ್ಮ ಫೈಲುಗಳನ್ನು ನಿಜವಾದ ಜಾಗದಲ್ಲಿ ಇಡದೆ ಒಂದು ತಾತ್ಕಾಲಿಕ ಡೈರೆಕ್ಟರಿಯಲ್ಲಿ ಇಡುತ್ತದೆ. ಅದಕ್ಕಾಗಿ ನಿಮ್ಮ ಇನ್‌ಸ್ಟಾಲ್ ನಿಯಮಗಳು ‘ಡೆಸ್ಟ್‌ಡಿರ್’ ಅನ್ನು ಗೌರವಿಸಬೇಕು, ಅಲ್ಲಿ ‘ಚೌನ್’ ಕರೆ ಇರಬಾರದು. ‘ಮೇಕ್ ಮೇಕ್‌ಪ್ಲಿಸ್ಟ್’ ಪಟ್ಟಿಯ ಕರಡು ಕೊಡುತ್ತದೆ, ಕಣ್ಣು ಹಾಯಿಸದೆ ಒಪ್ಪಿಕೊಳ್ಳಬೇಡಿ. ಕಾನ್ಫಿಗ್ ಫೈಲನ್ನು ‘.ಸ್ಯಾಂಪಲ್’ ಹೆಸರಿನಲ್ಲಿ ಇಟ್ಟು ಪಟ್ಟಿಯಲ್ಲಿ ‘@ಸ್ಯಾಂಪಲ್’ ಎಂದು ಗುರುತಿಸಿ. ಹಾಗೆ ಮಾಡದಿದ್ದರೆ ಅಪ್‌ಡೇಟ್ ಆದಾಗ ಗ್ರಾಹಕರು ತಿದ್ದಿಕೊಂಡ ಕಾನ್ಫಿಗ್ ಅಳಿಸಿಹೋಗುವ ಅಪಾಯವಿದೆ. ಆಮೇಲೆ ‘ಮೇಕ್ ಚೆಕ್-ಪ್ಲಿಸ್ಟ್’, ‘ಮೇಕ್ ಸ್ಟೇಜ್-ಕ್ಯೂಎ’, ‘ಪೋರ್ಟ್‌ಲಿಂಟ್’.

ಕೊನೆಯ ಪರೀಕ್ಷೆ, ಪ್ಯಾಕೇಜ್ ಕಟ್ಟುವ ಉಪಕರಣವಾದ ‘ಪೂದ್ರಿಯೇರ್’ನ ‘ಟೆಸ್ಟ್‌ಪೋರ್ಟ್’. ಅದು ಖಾಲಿ ಜೈಲ್ (ಉಳಿದ ವ್ಯವಸ್ಥೆಯಿಂದ ಬೇರ್ಪಟ್ಟ ಆವರಣ) ಒಂದರಲ್ಲಿ ಬಿಲ್ಡ್ ಮಾಡುತ್ತದೆ. ನಿಮ್ಮ ಯಂತ್ರದಲ್ಲಿ ಎಂದೋ ಹಾಕಿಕೊಂಡಿದ್ದ ಲೈಬ್ರರಿಯಿಂದ ನಡೆಯುತ್ತಿದ್ದದ್ದು ಅಲ್ಲಿ ಬಯಲಾಗುತ್ತದೆ. ಸೋರ್ಸ್ ಇಳಿಸಿಕೊಳ್ಳುವ ಹಂತ ಕಳೆದ ಮೇಲೆ ನೆಟ್‌ವರ್ಕ್ ಕೂಡ ಇರುವುದಿಲ್ಲ, ಬಿಲ್ಡ್ ನಡುವೆ ಏನನ್ನಾದರೂ ಡೌನ್‌ಲೋಡ್ ಮಾಡುವ ಸ್ಕ್ರಿಪ್ಟ್ ಇದ್ದರೆ ಅಲ್ಲೇ ಬೀಳುತ್ತದೆ.

ಎಲ್ಲಿಗೆ ಕಳಿಸುವುದು, ಯಾರು ನೋಡಿಕೊಳ್ಳುವುದು

ಗ್ರಾಹಕರಿಗೆ ಬೇಗ ಬೇಕಿದ್ದರೆ ಪೂದ್ರಿಯೇರ್ ಕಟ್ಟಿಕೊಡುವ ಪ್ಯಾಕೇಜ್‌ಗಳನ್ನು ನಿಮ್ಮದೇ ರೆಪೊಸಿಟರಿಯಲ್ಲಿ, ನಿಮ್ಮ ಕೀಲಿಯಿಂದ ಸಹಿ ಮಾಡಿ ಇಡಿ. ಅವರು ‘/ಯುಎಸ್‌ಆರ್/ಲೋಕಲ್/ಇಟಿಸಿ/ಪಿಕೆಜಿ/ರೆಪೋಸ್’ನಲ್ಲಿ ಒಂದು ಫೈಲ್ ಇಟ್ಟರೆ ಸಾಕು. ಬಿಲ್ಡ್ ಮಾಡುವಾಗ 14ರ ಸಾಲಿನಲ್ಲಿ ಇನ್ನೂ ಬೆಂಬಲವಿರುವ ಅತಿ ಹಳೆಯ ಬಿಡುಗಡೆಯನ್ನು ಆರಿಸಿಕೊಳ್ಳಿ, ಅದರ ಮೇಲೆ ಕಟ್ಟಿದ್ದು ಮುಂದಿನ 14ಗಳಲ್ಲೂ ಓಡುತ್ತದೆ. 15ಕ್ಕೆ ಬೇರೆಯಾಗಿ ಕಟ್ಟಿ.

ಅಧಿಕೃತ ಸಂಗ್ರಹಕ್ಕೆ ಖಂಡಿತ ಸೇರಿಸಬಹುದು, ಎಂಐಟಿ ಲೈಸೆನ್ಸ್‌ಗೆ ಅಡ್ಡಿಯಿಲ್ಲ. ಫ್ರೀಬಿಎಸ್‌ಡಿಯ ದೋಷ ದಾಖಲಿಸುವ ತಾಣ ಬಗ್‌ಜಿಲ್ಲಾದಲ್ಲಿ ಹೊಸ ಪೋರ್ಟ್ ಎಂದು ದಾಖಲಿಸಿ, ಗಿಟ್ ಪ್ಯಾಚ್ ಮತ್ತು ಪೂದ್ರಿಯೇರ್ ಲಾಗ್ ಜೊತೆಗಿಡಿ. ನೋಡಿ ಸೇರಿಸುವವರು ಸ್ವಯಂಸೇವಕರು, ಇಂತಿಷ್ಟು ದಿನ ಎಂಬ ಗಡುವು ಇಲ್ಲ. ಆದ್ದರಿಂದ ಗ್ರಾಹಕರಿಗೆ ಅಧಿಕೃತ ಸಂಗ್ರಹದ ಹೆಸರಿನಲ್ಲಿ ದಿನಾಂಕ ಕೊಡಬೇಡಿ. ಸೇರಿದ ಮೇಲೂ ಅದು ಮೊದಲು ಕಾಣುವುದು ‘ಲೇಟೆಸ್ಟ್’ ಪ್ಯಾಕೇಜ್‌ಗಳಲ್ಲಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ‘ಕ್ವಾರ್ಟರ್ಲಿ’ಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸ ಶಾಖೆ ಒಡೆದಾಗ ಬರುತ್ತದೆ.

ಮೇಂಟೇನರ್ ಎಂದು ಯಾರ ಇಮೇಲ್ ಹಾಕಿರುತ್ತೀರೋ ಜವಾಬ್ದಾರಿ ಅವರದು. ಹೊಸ ಬಿಡುಗಡೆ ಬಂದಾಗ ಆವೃತ್ತಿ ಬದಲಿಸಿ, ಮೇಕ್‌ಸಮ್, ಟೆಸ್ಟ್‌ಪೋರ್ಟ್ ಮಾಡಿ ಪ್ಯಾಚ್ ಕಳಿಸಬೇಕು. ಆವೃತ್ತಿ ಅದೇ ಇದ್ದು ಪ್ಯಾಕೇಜ್‌ನ ಒಳಗಿನದು ಬದಲಾದರೆ ‘ಪೋರ್ಟ್‌ರಿವಿಷನ್’ ಒಂದು ಹೆಚ್ಚಿಸಬೇಕು, ಇಲ್ಲದಿದ್ದರೆ ಬಳಕೆದಾರರಿಗೆ ಅಪ್‌ಡೇಟ್ ಬಂದದ್ದೇ ತಿಳಿಯುವುದಿಲ್ಲ. ಬೇರೆಯವರು ಕಳಿಸಿದ ಬದಲಾವಣೆಗೆ ಮೇಂಟೇನರ್ ಎರಡು ವಾರದೊಳಗೆ ಉತ್ತರಿಸದಿದ್ದರೆ ಒಪ್ಪಿಗೆ ಇಲ್ಲದೆಯೇ ಸೇರಿಸಬಹುದು. ಮೂರು ತಿಂಗಳು ಸದ್ದಿಲ್ಲದಿದ್ದರೆ ಪೋರ್ಟನ್ನು ಬೇರೆಯವರಿಗೆ ಬಿಟ್ಟುಕೊಡುವ ಕ್ರಮವಿದೆ. ಮೇಂಟೇನರ್ ಜಾಗದಲ್ಲಿ ಒಂದೇ ವಿಳಾಸಕ್ಕೆ ಅವಕಾಶ. ಆದ್ದರಿಂದ ಒಬ್ಬ ನೌಕರನ ಸ್ವಂತ ಇಮೇಲ್ ಬದಲು ಇಬ್ಬರು ಮೂವರು ಓದುವ ಕಂಪನಿಯ ವಿಳಾಸ ಹಾಕಿ.